ಮಲ್ಪೆಯ ಕಡಲಿನಲ್ಲಿ ಕಲ್ಲಿನ ಕಂಬಗಳು

ಹಲಸೂರು ಕೆರೆಯ ದಂಡೆಯ ಮೇಲೆ ಸಂಜೆಯ ಹೊತ್ತು ತಿರುಗಾಡುವವರಿಗೆ, ನೀರಿನ ನಡುವೆ ಮರಗಳನ್ನು ಹೊತ್ತು ನಿಂತ ಪುಟ್ಟ ನಡುಗಡ್ಡೆಗಳು ಚಿರಪರಿಚಿತ. ದಂಡು ಪ್ರದೇಶದಲ್ಲಿ ಬೆಳೆದ ಮಕ್ಕಳು ದ್ವೀಪವೆಂಬುದನ್ನು ಮೊಟ್ಟಮೊದಲು ಕಾಣುವುದು ಅಲ್ಲಿಯೇ. ಆದರೆ ನಿಜವಾದ ಕಡಲ ದ್ವೀಪವನ್ನು ನೋಡಬೇಕೆಂಬ ಆಸೆ ಹುಟ್ಟಿದೊಡನೆ ನಮ್ಮ ಪಟ್ಟಣಿಗರ ಮನಸ್ಸು ಅಂಡಮಾನಿಗೋ ಲಕ್ಷದ್ವೀಪಕ್ಕೋ ಹಾರಿಬಿಡುತ್ತದೆ. ವಿಮಾನದ ಟಿಕೆಟ್ಟಿನ ದರವನ್ನು ಕೇಳಿದ ಮೇಲೆ ಅಷ್ಟೇ ವೇಗವಾಗಿ ಹಿಂದಿರುಗಿಯೂ ಬರುತ್ತದೆನ್ನಿ. ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿಯೇ, ಮಲ್ಪೆಯ ಬಂದರಿನಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಜಗತ್ತಿನ ಭೂವಿಜ್ಞಾನಿಗಳು ಹುಡುಕಿಕೊಂಡು ಬರುವ ದ್ವೀಪವೊಂದಿದೆ. ಅದರ ಹೆಸರು ಸೈಂಟ್ ಮೇರೀಸ್ ದ್ವೀಪ.

ಬೆಂಗಳೂರಿನ ಪೂರ್ವಭಾಗದವರಿಗೆ ಈ ಪಯಣ ಈಗ ಸುಲಭ. ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಆರಂಭವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದಲೇ ಉಡುಪಿಯ ಮಾರ್ಗವಾಗಿ ರೈಲುಗಾಡಿ ಹೋಗುತ್ತದೆ. ಸಕಲೇಶಪುರದಿಂದಾಚೆಗೆ ಘಟ್ಟವಿಳಿಯುವ ಸುರಂಗಗಳ ಸೊಬಗನ್ನು ಬಣ್ಣಿಸಹೊರಟರೆ ಈ ಲೇಖನ ಅಲ್ಲಿಯೇ ಮುಗಿದೀತು; ಆದ್ದರಿಂದ ನೇರವಾಗಿ ಮಲ್ಪೆಗೆ ಹೋಗೋಣ. ಮಧ್ವಾಚಾರ್ಯರಿಗೆ ಉಡುಪಿಯ ಕೃಷ್ಣನ ವಿಗ್ರಹ ದೊರೆತದ್ದು ಇಲ್ಲಿನ ಕಡಲತೀರದಲ್ಲಿ ಎಂಬುದು ಐತಿಹ್ಯ. ಇಂದು ಅದು ಮೀನುಗಾರಿಕೆಯ ದೊಡ್ಡ ಬಂದರು. ಬಲೆ, ಮಂಜುಗಡ್ಡೆ, ಮೀನಿನ ಬುಟ್ಟಿಗಳ ಗಲಭೆಯನ್ನು ಹಿಂದೆ ಬಿಟ್ಟು ದೋಣಿ ಅಳಿವೆಯನ್ನು ದಾಟಿದರೆ ಅರ್ಧ ಗಂಟೆಯೊಳಗೆ ತೆಂಗಿನ ತಲೆಗಳು ಗೋಚರಿಸುತ್ತವೆ.

ದ್ವೀಪವೆಂದು ಏಕವಚನದಲ್ಲಿ ಕರೆದರೂ ಅವು ತೀರಕ್ಕೆ ಸಮಾನಾಂತರವಾಗಿ ಹರಡಿದ ದ್ವೀಪಗಳ ಸಾಲು. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಇನ್ನೊಂದಕ್ಕೆ ದರಿಯಾ ಬಹಾದ್ದೂರ್‌ಗಡವೆಂಬ ಗಂಭೀರ ನಾಮಧೇಯ. ತೆಂಗಿನ ದ್ವೀಪದ ಉದ್ದ ಅರ್ಧ ಕಿಲೋಮೀಟರ್ ಆದೀತು, ಅಗಲ ಅದರ ಐದನೆಯ ಒಂದು ಪಾಲು. ಅಲ್ಲಿ ಜನವಸತಿಯಿಲ್ಲ. ಕಾಲಿಗೆ ತಗಲುವುದು ಮರಳಿಗಿಂತ ಹೆಚ್ಚಾಗಿ ಚಿಪ್ಪುಗಳು: ಬಿಳಿಯವು, ನಸುಗೆಂಪಿನವು, ಅಲೆಗಳಿಗೆ ಸವೆದು ನುಣುಪಾದವು. ನನ್ನೊಡನೆ ಬಂದಿದ್ದ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಇಳಿದೊಡನೆಯೇ ಅವುಗಳ ಮೇಲೆ ಮುಗಿಬಿದ್ದರು.

ಆದರೆ ದ್ವೀಪದ ನಿಜವಾದ ವಿಸ್ಮಯವಿರುವುದು ಕಲ್ಲಿನಲ್ಲಿ. ಒಂದಕ್ಕೊಂದು ಒತ್ತಿಕೊಂಡು ನಿಂತ ನೂರಾರು ಕಂಬಗಳು; ಮೇಲಿನಿಂದ ನೋಡಿದರೆ ಜೇನುಹುಟ್ಟಿನ ಕಣ್ಣುಗಳಂತೆ ಆರು ಮೂಲೆಯ ಹಾಸುಗಲ್ಲುಗಳು, ಬದಿಯಿಂದ ನೋಡಿದರೆ ಪಾಳುಬಿದ್ದ ದೇವಾಲಯದ ಮಂಟಪ. “ಇದನ್ನು ಯಾವ ಅರಸರು ಕೆತ್ತಿಸಿದರು, ಸಾರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಬೇಲೂರು ಹಳೇಬೀಡುಗಳನ್ನು ಕಂಡ ಕನ್ನಡಿಗರಿಗೆ ಏಳಬೇಕಾದ ಪ್ರಶ್ನೆಯೇ ಅದು.

ಕೆತ್ತಿದ್ದು ಬೆಂಕಿ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗುವುದನ್ನು ಕೃಷ್ಣರಾಜಪುರದಾಚೆಯ ಹಳ್ಳಿಗಳ ಹಿರಿಯರು ಚೆನ್ನಾಗಿ ಬಲ್ಲರು. ನೀರು ಆರಿದಂತೆ ಕೆಸರು ಕುಗ್ಗುತ್ತದೆ, ಕುಗ್ಗಿದಾಗ ಸೀಳುತ್ತದೆ, ಸೀಳುಗಳು ಕೂಡಿಕೊಂಡು ಹಲವು ಮೂಲೆಯ ಹೆಂಟೆಗಳಾಗುತ್ತವೆ. ಇಲ್ಲಿ ಆರಿದ್ದು ನೀರಲ್ಲ, ಶಾಖ. ಭೂಗರ್ಭದಿಂದ ಉಕ್ಕಿದ ಲಾವಾರಸ ಮೇಲ್ಮೈಯಿಂದ ತಣ್ಣಗಾಗುತ್ತ ಬಂದಂತೆ, ಬಿರುಕುಗಳು ಒಳಗೊಳಗೆ ಇಳಿದು ಇಡೀ ಬಂಡೆಯನ್ನು ಕಂಬಗಳಾಗಿ ಸೀಳಿದುವು. ಎಲ್ಲವೂ ಆರು ಮೂಲೆಯವಲ್ಲ. ಐದು, ಏಳು ಮೂಲೆಯವೂ ಇವೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿ ಇಂಥದೇ ಕಂಬಗಳನ್ನು ನೋಡಲು ಲೋಕವೇ ನೆರೆಯುತ್ತದೆ. ಅಲ್ಲಿನದು ಕಪ್ಪು ಬಸಾಲ್ಟ್ ಶಿಲೆ. ನಮ್ಮದು ರಯೋಲೈಟ್ ಜಾತಿಯ ಶಿಲೆ.

ಈ ಕಲ್ಲುಗಳ ವಯಸ್ಸು ಸುಮಾರು 8 ಕೋಟಿ 80 ಲಕ್ಷ ವರ್ಷ. ವಾಚಕರು ಬೆರಗಾಗುವ ಮುನ್ನ ಒಂದು ಮಾತು. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ಮಲ್ಪೆಯ ಕಲ್ಲು ತೊಟ್ಟಿಲ ಕೂಸು. ಈ ಕೂಸಿನ ಹಿರಿಮೆ ವಯಸ್ಸಿನಲ್ಲಿಲ್ಲ, ಅದು ಹೇಳುವ ಸಾಕ್ಷ್ಯದಲ್ಲಿದೆ. ಇಂದು 4,000 ಕಿಲೋಮೀಟರಿನಷ್ಟು ದೂರದಲ್ಲಿ, ಆಫ್ರಿಕದ ಮಗ್ಗುಲಲ್ಲಿರುವ ಮಡಗಾಸ್ಕರ್ ಎಂಬ ಮಹಾದ್ವೀಪಕ್ಕೂ ನಮ್ಮ ಪಶ್ಚಿಮ ಕರಾವಳಿಗೂ ಒಂದು ಕಾಲದಲ್ಲಿ ನಡುವೆ ಕಡಲೇ ಇರಲಿಲ್ಲ. ಅವೆರಡೂ ಅಂಟಿಕೊಂಡಿದ್ದ ಒಂದೇ ನೆಲ. ಆ ನೆಲ ಸೀಳಿದ ಕಾಲದಲ್ಲಿ ಉಕ್ಕಿದ ಲಾವಾರಸವೇ ಇಲ್ಲಿನ ಕಂಬಗಳಾಗಿ ನಿಂತಿದೆ. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲಿ ವಿಸ್ತಾರವಾಗಿ ಹರಡಿವೆ. ಭಾರತದ ಕಡೆಯಲ್ಲಿ ಉಳಿದಿರುವುದು ಅಲ್ಪಸ್ವಲ್ಪ. ಅಂದರೆ ಬೇರೆಯಾದ ಅಣ್ಣತಮ್ಮಂದಿರ ಪಾಲುಪತ್ರದ ನಮ್ಮ ಪ್ರತಿ ಬಹುಮಟ್ಟಿಗೆ ಈ ಅರ್ಧ ಕಿಲೋಮೀಟರ್ ಉದ್ದದ ನೆಲದಲ್ಲಿದೆ! ಲಾಲ್‌ಬಾಗಿನ ಬಂಡೆಯಂತೆ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹೆಸರಿನ ಕಥೆ ಇಷ್ಟೊಂದು ಹಳೆಯದಲ್ಲ. ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಸಾಂತಾ ಮರಿಯಾಳ ಹೆಸರಿನಲ್ಲಿ ಶಿಲುಬೆಯ ಕಂಬವೊಂದನ್ನು ನೆಟ್ಟನು. ಕಲ್ಲೀಕೋಟೆಗೆ ಹೋಗುವ ಮುಂಚೆ ಅವನು ಮೊದಲು ಇಳಿದದ್ದು ಇಲ್ಲಿಯೇ ಎಂದು ಪ್ರವಾಸಿಗರಿಗೆ ಹೇಳುವುದುಂಟು. ಆದರೆ ಆ ಪ್ರಯಾಣದ ದಿನಚರಿಯ ಪ್ರಕಾರ ಅದು ಕಲ್ಲೀಕೋಟೆಯಿಂದ ಮರಳುವಾಗ, ಸೆಪ್ಟೆಂಬರ್ ತಿಂಗಳಿನಲ್ಲಿ ನಡೆದ ಸಂಗತಿ. ಇಷ್ಟು ಸಾವಿರ ಕಂಬಗಳ ನಡುವೆ ಅವನಿಗೆ ಇನ್ನೊಂದು ಕಂಬ ನೆಡಬೇಕೆನಿಸಿತಲ್ಲ!

ಅವನ ಕಂಬ ಉಳಿದಿಲ್ಲ. ಪ್ರಕೃತಿಯ ಕಂಬಗಳು ಉಳಿದಿವೆ, ಆದರೆ ನಾವು ಅವನ್ನು ನಡೆಸಿಕೊಳ್ಳುವ ರೀತಿ ನೆಮ್ಮದಿ ತರುವಂಥದಲ್ಲ. ನಾವು ಹೋದ ದಿನ ಕಂಬಗಳ ಸಂದಿನಲ್ಲಿ ಒಡೆದ ಸೀಸೆಯ ಚೂರುಗಳಿದ್ದುವು. ಒಂದರ ಮೇಲೆ ಪ್ರೇಮಿಗಳಿಬ್ಬರ ಹೆಸರು ಕೊರೆದಿತ್ತು. ಮರವಾದರೆ ಗಾಯ ಮಾಯ್ದೀತು. ಛಾಯಾಚಿತ್ರಕ್ಕಾಗಿ ಕಂಬದಿಂದ ಕಂಬಕ್ಕೆ ಜಿಗಿಯುವವರ ಗದ್ದಲದಲ್ಲಿ ಕಲ್ಲನ್ನು ಕಲ್ಲಾಗಿ ನೋಡಿದವರು ಬೆರಳೆಣಿಕೆಯಷ್ಟು ಮಂದಿ.

ಇದಕ್ಕಿಂತ ಗಂಭೀರವಾದದ್ದು ಪ್ರಾಣದ ಮಾತು. ಕಡಲಿನ ಅಂಚಿನ ಕಂಬಗಳ ಮೇಲೆ ಪಾಚಿ ಬೆಳೆದು ಜಾರುತ್ತದೆ. ಹೊರಗಿನ ಮಗ್ಗುಲಲ್ಲಿ ನೀರು ಥಟ್ಟನೆ ಆಳವಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕನಿಗೆ ಆ ಸುದ್ದಿ ಮರೆಯುವಂಥದಲ್ಲ. ನಮ್ಮ ದೋಣಿಯವರು, “ಆಚೆ ಬದಿಗೆ ಮಾತ್ರ ಹೋಗ್ಬೇಡಿ ಮಾರಾಯ್ರೆ, ಕಡಲು ಹೇಳಿ ಕೇಳಿ ಬರುವುದಿಲ್ಲ” ಎಂದು ಎರಡೆರಡು ಬಾರಿ ಎಚ್ಚರಿಸಿದರು. ನನ್ನ ಹುಡುಗರಲ್ಲಿ ಇಬ್ಬರಿಗೆ ಅದು ಸಾಲದೆ, ನಾನು ಅವರ ಪಾದರಕ್ಷೆಗಳನ್ನು ಹಿಡಿದುಕೊಂಡು ಕೂರಬೇಕಾಯಿತು. ಬರಿಗಾಲಿಗೆ ಚಿಪ್ಪು ಚುಚ್ಚುವುದರಿಂದ ಇದು ಉಪದೇಶಕ್ಕಿಂತ ಫಲಕಾರಿ.

ಮಳೆಗಾಲದಲ್ಲಿ ದೋಣಿಗಳ ಸಂಚಾರವಿರುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಕುಟುಂಬಗಳಿಗೆ ಹಿತ. ಹಿಂದಿನ ರಾತ್ರಿ ಉಡುಪಿಯಲ್ಲಿ ತಂಗಿ, ಮಠದ ಬೀದಿಯಲ್ಲಿ ಉಪಾಹಾರ ಮುಗಿಸಿ ಬೆಳಗಿನ ಮೊದಲ ದೋಣಿಯನ್ನೇ ಹಿಡಿಯುವುದು ಲೇಸು; ಬಿಸಿಲೇರಿದ ಮೇಲೆ ತೆಂಗಿನ ನೆರಳಿಗಾಗಿ ಪೈಪೋಟಿ ನಡೆಯುತ್ತದೆ. ಕುಡಿಯುವ ನೀರನ್ನು ಜೊತೆಗೇ ಒಯ್ಯಿರಿ, ಬರಿದಾದ ಬಾಟಲಿಗಳನ್ನು ತಪ್ಪದೆ ಹಿಂದಕ್ಕೆ ತನ್ನಿರಿ. ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲವಾದ್ದರಿಂದ, ಸಂಜೆಯ ಕೊನೆಯ ದೋಣಿ ಎಷ್ಟು ಹೊತ್ತಿಗೆಂಬುದನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳಬೇಕು.