ಮೊದಲ ಐನೂರು ಕಿಲೋಮೀಟರ್

ಬಿಳೇಕಹಳ್ಳಿಯ ಆ ಮನೆಗೆ ಯೆಜ್ಡಿ ಮೋಟಾರ್ ಸೈಕಲ್ ಎರಡನೇ ಸಲ ರೀಬೋರ್ ಆಗಿ ಬಂದ ದಿನ ಅಪ್ಪ, ಮಗ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮೊದಲ ರೀಬೋರ್ ಹಾಳಾದದ್ದು ಮಗನ ಅವಸರದಿಂದ. ಬ್ಲಾಕ್ ಕಟ್ಟಿಸಿ ನಾಲ್ಕೇ ದಿನಕ್ಕೆ ಗೆಳೆಯರ ಜತೆ ನಂದಿಬೆಟ್ಟಕ್ಕೆ ಹೊರಟವನು, ದೇವನಹಳ್ಳಿಯ ಹತ್ತಿರ ಪಿಸ್ಟನ್ ಹಿಡಿದುಕೊಂಡು, ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ.

"ಇದೇ ಕೊನೇ ಸೈಜು ಸಾರ್, ಇನ್ನು ಕೊರೆಯೋಕಾಗಲ್ಲ" ಎಂದಿದ್ದ ಮೆಕ್ಯಾನಿಕ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಅಸಲಿ ಬ್ಲಾಕ್ ಹುಡುಕುವುದು ಸುಲಭವಲ್ಲ.

ರೀಬೋರ್ ಆದ ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಹೋನಿಂಗ್ ಕಲ್ಲು ಅದರ ಮೇಲೆ ಓರೆಕೋರೆಯಾಗಿ ಸಣ್ಣ ಗೀರುಗಳನ್ನು ಬಿಟ್ಟಿರುತ್ತದೆ. ಆ ಗೀರುಗಳಲ್ಲಿ ಎಣ್ಣೆ ನಿಲ್ಲಬೇಕು; ಅವುಗಳ ಏಣುಗಳೂ ಹೊಸ ರಿಂಗೂ ಒಂದನ್ನೊಂದು ತಿಕ್ಕಿ, ಸವೆದು, ಹೊಂದಿಕೊಳ್ಳಬೇಕು. ಅದಕ್ಕೆ ಮೊದಲೇ ಬಿಸಿ ಏರಿದರೆ ಕೆಟ್ಟಿತು. ಪಿಸ್ಟನ್ನಿನ ಅಲ್ಯೂಮಿನಿಯಂ, ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಈ ಲೆಕ್ಕವನ್ನು ಹುಡುಗ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದ. ಅದು ಬೇರೆ ಮಾತು.

ಗಾಡಿಯ ಬೀಗದ ಕೈ ಬಚ್ಚಿಡುವುದು ಅಪ್ಪಂದಿರಿಗೆ ಸುಲಭದ ದಾರಿ. ಇವರು ಹಾಗೆ ಮಾಡದೆ, "ನಾಳೆ ಐದೂವರೆಗೆ ಎದ್ದು ನೀನೇ ಹೊರಡು" ಎಂದರು.

"ನೀವೂ ಬನ್ನಿ ಅಪ್ಪ."

"ಹಿಂದೆ ಭಾರ ಬೇಡ ಕಣೋ."

ಹಗಲಿನ ಬನ್ನೇರುಘಟ್ಟ ರಸ್ತೆಯ ದಟ್ಟಣೆಯಲ್ಲಿ ನಿಂತರೆ, ಗಾಳಿಯಿಂದಲೇ ತಣಿಯಬೇಕಾದ ಎಂಜಿನ್‌ಗೆ ಗಾಳಿಯೇ ಸಿಗದು. ಆದ್ದರಿಂದ ನಸುಕಿನಲ್ಲೇ ಅರಕೆರೆ, ಹುಳಿಮಾವು, ಗೊಟ್ಟಿಗೆರೆ ದಾಟಿ ಬನ್ನೇರುಘಟ್ಟದವರೆಗೆ ಸವಾರಿ. ವೇಗ ನಲವತ್ತರ ಆಸುಪಾಸು, ಆದರೆ ಒಂದೇ ಸಮನೆ ಅಲ್ಲ. ಸ್ವಲ್ಪ ಏರಿಸಬೇಕು, ಸ್ವಲ್ಪ ಇಳಿಸಬೇಕು. ನಿಧಾನವೆಂದು ಟಾಪ್ ಗೇರಿನಲ್ಲಿ ಏದುಸಿರು ಬಿಡಿಸುವುದೂ ತಪ್ಪೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಗಾಡಿಯನ್ನು ಜಾರಿಸುವಂತಿಲ್ಲ. ಇದರ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುವುದು. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಂತೆ.

ಮೊದಲ ದಿನ ಗೊಟ್ಟಿಗೆರೆಯ ಹತ್ತಿರ ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಮೊಪೆಡ್ಡೊಂದು ಅವನನ್ನು ಹಿಂದೆ ಹಾಕಿ ಹೋಯಿತು. ಹುಡುಗನ ಕೈ ಆಕ್ಸಿಲರೇಟರ್ ಮೇಲೆ ಬಿಗಿಯಾಯಿತು, ಮತ್ತೆ ಸಡಿಲವಾಯಿತು. ಬನ್ನೇರುಘಟ್ಟದಲ್ಲಿ ಕಾಫಿ ಕುಡಿದು, ಎಂಜಿನ್ ಆರುವವರೆಗೆ ಕಾದು ಹಿಂತಿರುಗಿದ.

ಅಪ್ಪ ದಿನವೂ ಗೇಟಿನ ಬಳಿ ಪೇಪರ್ ಹಿಡಿದು ನಿಂತಿರುತ್ತಿದ್ದರು. ಗಾಡಿ ರಸ್ತೆಯ ತಿರುವಿಗೆ ಬರುವಾಗಲೇ ಸದ್ದಿಗೆ ಕಿವಿಗೊಟ್ಟು, ಏನೂ ಕೇಳದೆ ಒಳಗೆ ಹೋಗುತ್ತಿದ್ದರು. ಮುನ್ನೂರು ಕಿಲೋಮೀಟರ್ ದಾಟಿದ ದಿನ ಮಾತ್ರ ಮೀಟರ್ ಬಗ್ಗಿ ನೋಡಿ, "ನಾಳೆ ಐವತ್ತರ ತನಕ ಬಿಡು" ಎಂದರು.