ಗೊಬ್ಬೂರಿನ ಮುತ್ಯಾ ನೋಡಿದ ಆಟ

ಕಲಬುರಗಿಯಿಂದ ಅಫಜಲಪುರದ ಬಸ್ಸು ಹತ್ತಿದರೆ ದಾರಿಯಲ್ಲಿ ನಮ್ಮ ಗೊಬ್ಬೂರ ಸಿಗುತ್ತದೆ. ಬಸ್ಸಿನಲ್ಲಿ ಬಹಳಷ್ಟು ಮಂದಿ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಹೊರಟವರು. ಅವರು ನಮ್ಮೂರನ್ನು ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಇಳಿದು ನೋಡುವಂಥದ್ದು ತಾನೇ ಏನಿದೆ? ಕರಿ ಎರಿ ಹೊಲ, ತೊಗರಿ, ಜೋಳ, ಬೇವಿನ ಗಿಡ, ಬೇಸಿಗೆಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಅಷ್ಟೇ. ಆದರೆ ನಾನು ಅಮೆರಿಕದ ಒರ್ಲಾಂಡೊದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ನಡುವೆ ಕುಳಿತು ನೆನೆದದ್ದು ಈ ರಸ್ತೆಯನ್ನೇ, ಈ ರಸ್ತೆಯಲ್ಲಿ ಹೋದ ಒಂದು ಬಸ್ಸನ್ನೇ.

ಅದು 2020ರ ಜನವರಿ 26, ಭಾನುವಾರ. ಮಗನ ಮನೆಗೆ ನಾನೂ ನನ್ನಾಕೆಯೂ ಹೋಗಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಎದ್ದು ಅಂಗಿಗೆ ಕಾಗದದ ಪುಟ್ಟ ಧ್ವಜ ಸಿಕ್ಕಿಸಿಕೊಂಡೆ. ಹತ್ತು ವರ್ಷದ ಮೊಮ್ಮಗ ಅದನ್ನು ನೋಡಿ, "ಮುತ್ಯಾ, ಇವತ್ತ ನಂದೂ ದೊಡ್ಡ ಹಬ್ಬ. ಪ್ರೊ ಬೌಲ್!" ಎಂದ.

ಪ್ರೊ ಬೌಲ್ ಎಂದರೆ ಏನೆಂದು ಮಕ್ಕಳಿಗೆ ಹೇಳಬೇಕು, ನನಗೂ ಅಂದೇ ತಿಳಿದದ್ದು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವಲ್ಲ. ತೆಂಗಿನಕಾಯಿಯಂತೆ ಎರಡೂ ತುದಿ ಚೂಪಾದ ಚೆಂಡನ್ನು ಎದೆಗೆ ಅವಚಿಕೊಂಡು ಓಡುವ, ದೂರಕ್ಕೆ ಎಸೆದು ಹಿಡಿಯುವ ಆಟ. ತಲೆಗೆ ಟೋಪಿ, ಹೆಗಲಿಗೆ ದಪ್ಪ ಮೆತ್ತೆ ಹಾಕಿಕೊಂಡ ಹನ್ನೊಂದು ಜನ ಒಂದು ಕಡೆ, ಹನ್ನೊಂದು ಜನ ಇನ್ನೊಂದು ಕಡೆ. ಚೆಂಡು ಇದ್ದವರಿಗೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು. ಹೀಗೆ ನೂರು ಗಜದ ಮೈದಾನದ ಕೊನೆ ಮುಟ್ಟಿದರೆ ಆರು ಅಂಕ. ಎದುರಿನವರು ಸುಮ್ಮನಿರುವುದಿಲ್ಲ, ಮೈಮೇಲೆ ಬಿದ್ದು ಕೆಡವುತ್ತಾರೆ.

ಅಲ್ಲಿ ಇಂಥ ವೃತ್ತಿಪರ ತಂಡಗಳು 32. ಹದಿನಾರು ತಂಡಗಳದ್ದು ಎ.ಎಫ್.ಸಿ. ಎಂಬ ಒಂದು ಬಣ, ಉಳಿದ ಹದಿನಾರರದ್ದು ಎನ್.ಎಫ್.ಸಿ. ಎರಡೂ ಬಣಗಳಿಂದ ಒಳ್ಳೊಳ್ಳೆಯ ಆಟಗಾರರನ್ನು ಆಯ್ದು ಆಡಿಸುವ ಪಂದ್ಯವೇ ಪ್ರೊ ಬೌಲ್. ಈ ಹೆಸರಿನಲ್ಲಿ ಅದು 1951ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಯಿತು. ಆಮೇಲೆ ಬಹಳ ವರ್ಷ ಹವಾಯಿ ದ್ವೀಪದಲ್ಲಿ ನಡೆದು, 2017ರಲ್ಲಿ ಒರ್ಲಾಂಡೊಕ್ಕೆ ಬಂತು. ಆಯ್ಕೆಯ ಲೆಕ್ಕ ನನ್ನ ಬ್ಯಾಂಕಿನ ಬುದ್ಧಿಗೆ ಬಹಳ ಹಿಡಿಸಿತು. ಮೂರರಲ್ಲಿ ಒಂದು ಪಾಲು ತರಬೇತುದಾರರ ಮತ, ಒಂದು ಪಾಲು ಆಟಗಾರರದೇ ಮತ, ಇನ್ನೊಂದು ಪಾಲು ನೋಡುವ ಜನರದು. "ನಾನೂ ಓಟ ಹಾಕೀನಿ" ಎಂದು ಮೊಮ್ಮಗ ಎದೆ ಉಬ್ಬಿಸಿದ. ನನ್ನ ಮೊದಲ ಮತಕ್ಕೆ ನಾನು ಇಪ್ಪತ್ತೊಂದು ವರ್ಷ ಕಾಯಬೇಕಾಗಿತ್ತು!

ಟಿಕೆಟ್ಟಿಗೆ ಎಷ್ಟು ಕೊಟ್ಟೆ ಎಂದು ಮಗನನ್ನು ಮೂರು ಸಲ ಕೇಳಿದೆ. ಡಾಲರಿಗೆ ಆಗ ಎಪ್ಪತ್ತೊಂದು ರೂಪಾಯಿ. ನಾನು ಗುಣಿಸುತ್ತೇನೆಂದು ಗೊತ್ತಿದ್ದೇ ಅವನು ಹೇಳಲಿಲ್ಲ.

ಒರ್ಲಾಂಡೊ ಸಪಾಟು ನೆಲದ ಊರು. ಅಷ್ಟರಮಟ್ಟಿಗೆ ನಮ್ಮ ಸೀಮೆಯಂತೆಯೇ. ಆದರೆ ನಮ್ಮಲ್ಲಿ ಹೊಲವಿರುವ ಕಡೆಯೆಲ್ಲ ಅಲ್ಲಿ ಕೆರೆ. ಕಾರಿನಲ್ಲಿ ಹೋಗುವಾಗ ಒಂದು ಕೆರೆ ಮುಗಿಯುವಷ್ಟರಲ್ಲಿ ಇನ್ನೊಂದು. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾದವರ ಹೊಟ್ಟೆಯಲ್ಲಿ ಇದನ್ನು ನೋಡಿ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಸುತ್ತಲ ಸೀಮೆ ಕಿತ್ತಳೆಗೆ ಹೆಸರಾದದ್ದು. ಕ್ರೀಡಾಂಗಣಕ್ಕೂ ಹಿಂದೆ ಸಿಟ್ರಸ್ ಬೌಲ್ ಎಂದೇ ಹೆಸರಿತ್ತಂತೆ. 1936ರಷ್ಟು ಹಳೆಯದು. ಈಗ ಕ್ಯಾಂಪಿಂಗ್ ವರ್ಲ್ಡ್ ಎಂಬ ಕಂಪನಿಯ ಹೆಸರು ಹೊತ್ತಿದೆ.

ಬಾಗಿಲಲ್ಲಿ ನನ್ನಾಕೆಗೆ ತಡೆ ಬಂತು. ಒಳಗಿನದೆಲ್ಲ ಹೊರಗೆ ಕಾಣುವಂಥ ಪ್ಲಾಸ್ಟಿಕ್ ಚೀಲವನ್ನು ಮಾತ್ರ ಒಳಗೆ ಬಿಡುತ್ತಾರೆ. ಆಕೆಯದು ಬಟ್ಟೆಯ ಕೈಚೀಲ, ಅದರಲ್ಲಿ ಶೇಂಗಾ ಹೋಳಿಗೆ. "ಎಲ್ಲಾ ಕಾಣ್ಲಿ ಅಂದ್ರ ಚೀಲ ಯಾಕ ಬೇಕ್ರಿ? ಕೈಯಾಗ ಹಿಡ್ಕೊಂಡು ಬರ್ತೀನಿ" ಎಂದಳು. ಕಾವಲಿನವನಿಗೆ ಕನ್ನಡ ಬರಲಿಲ್ಲ, ನಕ್ಕ. ಹೋಳಿಗೆ ಕಾರಿಗೆ ಮರಳಿತು.

ಒಳಗೆ ಹೋಗಿ ಕುಳಿತಾಗ ಎರಡೂವರೆಯ ಸುಮಾರು. ಆಟ ಮೂರಕ್ಕೆ. ನಮ್ಮೂರಲ್ಲಿ ಆಗ ನಡುರಾತ್ರಿ ದಾಟಿ 27ನೇ ತಾರೀಖು ಬಂದಿತ್ತು. ಜನ ತಿನ್ನುತ್ತ, ಕೂಗುತ್ತ ಇದ್ದವರು ಒಮ್ಮೆಲೇ ಫೋನು ನೋಡತೊಡಗಿದರು. ಮುಂದಿನ ಸಾಲಿನ ಹೆಂಗಸು ಬಾಯಿಗೆ ಕೈ ಇಟ್ಟುಕೊಂಡಳು. ಯಾವುದೋ ಅನಾಹುತವಾಗಿದೆ ಎಂಬುದಷ್ಟೇ ನನಗೆ ಗೊತ್ತಾಯಿತು. ಮಗ ಮೆಲ್ಲಗೆ ಹೇಳಿದ: ಬಾಸ್ಕೆಟ್‌ಬಾಲ್ ಆಟದ ದೊಡ್ಡ ಹೆಸರು ಕೋಬಿ ಬ್ರಯಂಟ್ ಹೆಲಿಕಾಪ್ಟರ್ ಬಿದ್ದು ತೀರಿಕೊಂಡನಂತೆ. ವಯಸ್ಸು 41. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಸುದ್ದಿ ಬಂತು. ಜೊತೆಯಲ್ಲಿ ಹದಿಮೂರು ವರ್ಷದ ಮಗಳು ಜಿಯಾನಾ ಕೂಡ ಇದ್ದಳು. ಅವಳ ಪಂದ್ಯಕ್ಕೇ ಹೊರಟಿದ್ದರು, ಅಪ್ಪನೇ ಅವಳ ತರಬೇತುದಾರ. ಎಲ್ಲ ಸೇರಿ ಒಂಬತ್ತು ಜನ.

ಆಟ ನಿಲ್ಲಲಿಲ್ಲ. ಆದರೆ ನಡುನಡುವೆ ಇಡೀ ಕ್ರೀಡಾಂಗಣ "ಕೋಬಿ, ಕೋಬಿ" ಎಂದು ಕೂಗುತ್ತಿತ್ತು. ಕೆಲವು ಆಟಗಾರರು ಬುಟ್ಟಿಗೆ ಚೆಂಡು ಎಸೆದಂತೆ ನಟಿಸಿ ಅವನನ್ನು ನೆನೆದರು. ಆಡುವುದು ಒಂದು ಆಟ, ಅಳುವುದು ಇನ್ನೊಂದು ಆಟದವನಿಗೆ. ಮೊಮ್ಮಗ ಆವರೆಗೆ ನನ್ನಿಂದ ಎರಡು ಕುರ್ಚಿ ಆಚೆ, ಅವನ ಅಪ್ಪನ ಪಕ್ಕದಲ್ಲಿದ್ದವನು ಎದ್ದು ಬಂದು ನನ್ನ ಪಕ್ಕ ಕೂತ. ಯಾಕೆಂದು ನಾನು ಕೇಳಲಿಲ್ಲ.

ಇನ್ನು ಆಟದ ಮಾತು. ನಿಜ ಹೇಳಬೇಕೆಂದರೆ ಅದು ಸಪ್ಪೆ. ಟಿ.ವಿ.ಯಲ್ಲಿ ಮಗ ತೋರಿಸಿದ್ದ ಪಂದ್ಯಗಳಲ್ಲಿ ಕೋಣಗಳು ಗುದ್ದಿದಂತೆ ಗುದ್ದುತ್ತಿದ್ದವರು, ಇಲ್ಲಿ ಹಬ್ಬದಲ್ಲಿ ಬೀಗರು ಅಪ್ಪಿಕೊಂಡಂತೆ ಹಿಡಿದು ಬಿಡುತ್ತಿದ್ದರು. ಓಡುವವನು ತಾನೇ ನಿಂತುಬಿಡುತ್ತಿದ್ದ. ಆರಂಭದಲ್ಲಿ ಚೆಂಡು ಒದೆಯುವ ಕ್ರಮವನ್ನೂ ಪೆಟ್ಟಾಗುತ್ತದೆಂದು ತೆಗೆದುಹಾಕಿದ್ದರು. ಮುಂದಿನ ಭಾನುವಾರ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಆಡಲಿದ್ದ ಕಾನ್ಸಾಸ್ ಸಿಟಿ, ಸ್ಯಾನ್ ಫ್ರಾನ್ಸಿಸ್ಕೊ ತಂಡಗಳ ಆಟಗಾರರು ಬಂದೇ ಇರಲಿಲ್ಲ. ಮದುವೆಗೆ ಗಂಡು ಹೆಣ್ಣೇ ಬಾರದಂತೆ!

"ಮುತ್ಯಾ, ಇವ್ರು ಸುಳ್ಳೇ ಆಡ್ಲಾಕತ್ತಾರ" ಎಂದು ಮೊಮ್ಮಗ ಸಿಟ್ಟಾದ.

"ಅವರ ಹೊಟ್ಟಿಪಾಡು ಮೊಳಕಾಲಿನಾಗ ಐತಪ್ಪ. ಇಲ್ಲಿ ಮುರ್ಕೊಂಡ್ರ ಮುಂದಿನ ವರ್ಷ ಯಾರು ಕೊಡ್ತಾರ?" ಎಂದೆ.

"ಮತ್ತ ಬರೂದರೆ ಯಾಕ?"

"ಆರಿಸ್ಯಾರಲ್ಲ, ಅದಕ್ಕ ಬಂದಾರ."

ಅವನು ಸುಮ್ಮನಾದ. ಆಮೇಲೆ, "ನಿನಗ ಯಾರರೆ ಆರಿಸಿದ್ರೇನು?" ಎಂದು ಕೇಳಿದ.

ಆರಿಸಿದ್ದರು. 1964ರ ಮಾತು, ನಾನು ಎಂಟನೇ ಇಯತ್ತೆ. ನಮ್ಮ ಕಡೆ ಆಗ ಕಬಡ್ಡಿಗೆ ಹುತುತು ಎನ್ನುತ್ತಿದ್ದೆವು. ಐದಾರು ಊರಿನ ಶಾಲೆಗಳ ಹುಡುಗರನ್ನು ಕೂಡಿಸಿ ಆಡಿಸಿ, ಬೇವಿನ ಗಿಡದ ಬುಡದಲ್ಲಿ ಮಾಸ್ತರರು ಕೂತು ತಾಲ್ಲೂಕಿಗೆ ಒಂದು ತಂಡ ಆರಿಸಿದರು. ಕಾಲು ಹಿಡಿಯುವುದರಲ್ಲಿ ನಾನು ಗಟ್ಟಿಗ. ಬಂದವನ ಹಿಮ್ಮಡಿ ಕೈಗೆ ಸಿಕ್ಕರೆ ಬಿಡುತ್ತಿರಲಿಲ್ಲ. ಗೊಬ್ಬೂರದಿಂದ ಆಯ್ಕೆಯಾದವನು ನಾನೊಬ್ಬನೇ. ಗುಲ್ಬರ್ಗಾದಲ್ಲಿ ಪಂದ್ಯ. ಗುಲ್ಬರ್ಗಾವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹೋಗುವ ಹಿಂದಿನ ದಿನ ಆಳುಮಗನಿಗೆ ಜ್ವರ ಬಂತು. ಹಿಂಗಾರಿ ಜೋಳದ ಬಿತ್ತಿಗೆ ನಡೆದಿತ್ತು. ಎರಿ ಹೊಲದ ಹಸಿ ಆರಿತೆಂದರೆ ಆ ವರ್ಷ ಮುಗಿಯಿತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, "ನಾಳಿ ಎತ್ತು ಹೊಡ್ಯಾಕ ನೀ ಬೇಕು" ಎಂದ ಅಷ್ಟೇ. ನಮ್ಮ ಹೊಲ ರಸ್ತೆಗೆ ಹತ್ತಿ ಇತ್ತು. ಬೆಳಿಗ್ಗೆ ಅಫಜಲಪುರದ ಕಡೆಯಿಂದ ಬಸ್ಸು ಬಂತು, ಕಿಟಕಿಯಿಂದ ಹುಡುಗರು ಕೈ ಬೀಸಿದರು. ನಾನು ಬೀಸಲಿಲ್ಲ, ಕೈಯಲ್ಲಿ ಬಾರುಕೋಲು ಇತ್ತು. ನನ್ನ ಜಾಗಕ್ಕೆ ಬೇರೆ ಊರಿನ ಹುಡುಗನನ್ನು ಹಾಕಿಕೊಂಡಿದ್ದರು. ಮೊದಲ ಪಂದ್ಯದಲ್ಲೇ ನಮ್ಮ ತಾಲ್ಲೂಕು ಸೋತು ಬಂತು. ಕೇಳಿ ನನಗೆ ಖುಷಿಯಾಯಿತು. ಆ ಖುಷಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನಾಕೆಗೂ ಹೇಳಿರಲಿಲ್ಲ.

ಎಲ್ಲ ಕೇಳಿ ಮೊಮ್ಮಗ, "ನಿಮ್ಮ ಅಪ್ಪ ಸಾರಿ ಅಂದ್ನೇನು?" ಎಂದ.

ಅಂದಿರಲಿಲ್ಲ. ಜೋಳದ ರಾಶಿ ಆದ ಮೇಲೆ ಗಾಣಗಾಪುರಕ್ಕೆ ಕರೆದುಕೊಂಡು ಹೋದ. ಭೀಮಾ–ಅಮರ್ಜಾ ಸಂಗಮದಲ್ಲಿ ಸ್ನಾನ ಮಾಡಿಸಿ, ಅಂಗಡಿಯಲ್ಲಿ ನೀಲಿ ಅಂಚಿನ ಒಂದು ಬನಿಯನ್ ಕೊಡಿಸಿದ, ಆಟಗಾರರು ಹಾಕುವಂಥದ್ದು. ಯಾಕೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಆಟ ಮೂರನೆಯ ಭಾಗಕ್ಕೆ ಬಂದಿತ್ತು. ಬಾಲ್ಟಿಮೋರ್ ತಂಡದ ಲಮಾರ್ ಜಾಕ್ಸನ್ ಎಂಬ ಇಪ್ಪತ್ತಮೂರರ ಹುಡುಗ, ಇದೇ ಫ್ಲೋರಿಡಾ ರಾಜ್ಯದಲ್ಲಿ ಬೆಳೆದವನು, ಆಗಲೇ ತನ್ನ ಕೈಚಳಕ ತೋರಿಸಿ ಆಗಿತ್ತು. ಜನ ಅವನ ಹೆಸರು ಕೂಗುತ್ತಿದ್ದರು. ಆ ಗದ್ದಲದಲ್ಲಿ ಮೊಮ್ಮಗ ನನ್ನ ಕಿವಿಯ ಹತ್ತಿರ ಬಂದು, "ನನಗೂ ತಗೊಂಡಿಲ್ಲ, ಮುತ್ಯಾ. ಅಪ್ಪಗ ಹೇಳಿಲ್ಲ" ಎಂದ.

ಅವರ ಓಣಿಯ ಹುಡುಗರದೊಂದು ತಂಡವಿತ್ತು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಆಡುವ ಮಕ್ಕಳ ಫುಟ್‌ಬಾಲು. ಮೈಮೇಲೆ ಬೀಳುವಂತಿಲ್ಲ, ಓಡುವವನ ಪಟ್ಟಿ ಕಿತ್ತರೆ ಅವನು ನಿಲ್ಲಬೇಕು. ಆ ತಂಡದ ಆಯ್ಕೆಗೆ ಇವನು ಹೋಗಿದ್ದ, ಆರಿಸಿರಲಿಲ್ಲ. ಮನೆಯಲ್ಲಿ ಮಾತ್ರ "ನನಗ ಆ ಆಟ ಬ್ಯಾಡ" ಎಂದು ಹೇಳಿದ್ದ. ಮಗ ಎರಡು ತಿಂಗಳಿಂದ, ಹುಡುಗನಿಗೆ ಯಾವುದರಲ್ಲೂ ಆಸಕ್ತಿ ಇಲ್ಲ ಎಂದು ನನ್ನ ಮುಂದೆ ಗೊಣಗುತ್ತಿದ್ದ. ನಾನು ಯಾರಿಗೂ ಹೇಳುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. (ಈಗ ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅಪ್ಪನಿಗೆ ಅವನೇ ಆಮೇಲೆ ಹೇಳಿದ.)

ಎ.ಎಫ್.ಸಿ. 38, ಎನ್.ಎಫ್.ಸಿ. 33. ಗೆದ್ದವರಿಗೆ ಸೋತವರಿಗಿಂತ ಸುಮಾರು ದುಪ್ಪಟ್ಟು ಹಣ. ಜಾಕ್ಸನ್‌ಗೆ ಶ್ರೇಷ್ಠ ಆಟಗಾರನ ಬಹುಮಾನ ಬಂತು, ಎದುರಾಳಿಗಳನ್ನು ತಡೆಯುವುದರಲ್ಲಿ ಕ್ಯಾಲೇಸ್ ಕ್ಯಾಂಪ್‌ಬೆಲ್ ಎಂಬವನಿಗೆ. ಕಾರಿನಲ್ಲಿ ಎಲ್ಲರೂ ಶೇಂಗಾ ಹೋಳಿಗೆ ತಿಂದೆವು. ಯಾರೂ ಹೆಚ್ಚು ಮಾತಾಡಲಿಲ್ಲ. ರೇಡಿಯೊದಲ್ಲಿ ಇನ್ನೂ ಆ ತಂದೆ ಮಗಳ ಸುದ್ದಿಯೇ ಬರುತ್ತಿತ್ತು. ಮಗ ಒಂದು ಕೈ ಹಿಂದಕ್ಕೆ ಚಾಚಿ ಹುಡುಗನ ಮೊಳಕಾಲನ್ನು ಮುಟ್ಟಿದ.

ಫೆಬ್ರುವರಿ ಕೊನೆಗೆ ನಾವು ಊರಿಗೆ ಬಂದೆವು. ಮುಂದಿನ ತಿಂಗಳು ನಮ್ಮ ಕಲಬುರಗಿಯಲ್ಲೇ ದೇಶದ ಮೊದಲ ಕೊರೊನಾ ಸಾವಾಯಿತು, ಆಮೇಲೆ ಎಲ್ಲರ ಬಾಗಿಲೂ ಮುಚ್ಚಿತು. 2021ರಲ್ಲಿ ಪ್ರೊ ಬೌಲ್ ಪಂದ್ಯ ನಡೆಯಲೇ ಇಲ್ಲ. 2022ರಲ್ಲಿ ಲಾಸ್ ವೇಗಸ್‌ನಲ್ಲಿ ಒಮ್ಮೆ ನಡೆದು, ಆ ಸಪ್ಪೆ ಆಟವನ್ನು ಅವರೇ ನಿಲ್ಲಿಸಿದರು. 2023ರಲ್ಲಿ ಪ್ರೊ ಬೌಲ್‌ನಲ್ಲಿ ದೊಡ್ಡವರೂ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಕಡೆಗೆ ಏಳೇಳು ಜನರಂತೆ, ಮಕ್ಕಳ ಆಟವನ್ನೇ ಆಡಿದರು. ಏಳು ಜನ, ನಮ್ಮ ಹುತುತುವಿನಂತೆಯೇ! ಅದೇ ವರ್ಷ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಒಲಿಂಪಿಕ್ ಸಮಿತಿಯ ಸಭೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರಿಕೆಟ್ಟಿನ ಜೊತೆ ಈ ಪಟ್ಟಿಯಾಟವನ್ನೂ ಸೇರಿಸಿತು. ಮೊಮ್ಮಗ ರಾತ್ರಿ ಫೋನು ಮಾಡಿ ನನ್ನನ್ನು ಎಬ್ಬಿಸಿ ಹೇಳಿದ.

ಆ ಡಿಸೆಂಬರಿನಲ್ಲಿ ಅವನು ಗೊಬ್ಬೂರಕ್ಕೆ ಬಂದ. ತೊಗರಿ ಕೊಯ್ದು ಬಯಲಾದ ಹೊಲದಲ್ಲಿ ಊರ ಹುಡುಗರಿಗೆ ಪಟ್ಟಿಯಾಟ ಕಲಿಸಿದ. ಪಟ್ಟಿಗೆ ನನ್ನಾಕೆಯ ಹಳೆಯ ಇಳಕಲ್ ಸೀರೆ ಹರಿಯಿತು, ಚೆಂಡಿಗೆ ಬಟ್ಟೆಯ ಉಂಡೆ. ನಮ್ಮ ಹುಡುಗರು ಒಂದು ತಾಸಿನಲ್ಲಿ ಕಲಿತು ಅವನನ್ನೇ ಸೋಲಿಸಿದರು. ಆಮೇಲೆ ಅವರು ಗೆರೆ ಕೊರೆದು ಹುತುತುವಿಗೆ ಕರೆದರು. ಎರಡು ಗುಂಪಿನವರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತ ಬಂದರು. ಇವನು ಕೊನೆಗೆ ಉಳಿದ. ನಾನು ಬದುವಿನ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದೆ. "ಏ ಅಮೆರಿಕಾ, ನಮ್ಮ ಕಡಿ ಬಾ" ಎಂದು ಒಬ್ಬ ಕೂಗಿದ.

ಮೂರು ಸಲ ಔಟಾದ. ನಾಲ್ಕನೇ ಸಲ ಬಂದವನ ಹಿಮ್ಮಡಿ ಹಿಡಿದು ನೆಲಕ್ಕೆ ಬಿದ್ದವನು ಬಿಡಲೇ ಇಲ್ಲ. ಸಂಜೆ ಅವನ ಆಯಿ ಮೊಳಕಾಲಿಗೆ ಅರಿಸಿನ ಹಚ್ಚುತ್ತ ನನ್ನನ್ನು ಬೈದಳು. ಅವನು ಅದನ್ನು ಕೇಳಿಸಿಕೊಳ್ಳದೆ, "ಮುತ್ಯಾ, ನಾಳಿ ಎಷ್ಟಕ್ಕ ಬರ್ತಾರ ಅವ್ರು?" ಎಂದು ಕೇಳಿದ.