ಸಿಂಗಪುರದಲ್ಲಿ ಇಳಿದುಕೊಳ್ಳುವುದೆಲ್ಲಿ?

ಸಿಂಗಪುರಕ್ಕೆ ಹೊರಟಾಗ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ನಡೆದದ್ದು ಎಲ್ಲಿ ಇಳಿದುಕೊಳ್ಳುವುದು ಎಂಬುದಕ್ಕೆ. ನಮ್ಮವರಿಗೆ ಮರೀನಾ ಬೇ ಹೋಟೆಲಿನ ಆಸೆ, ಮಕ್ಕಳಿಗೆ ಸೆಂಟೋಸಾ ದ್ವೀಪದ್ದು. ಮಂಡಿನೋವಿನ ಅತ್ತೆಯವರು ಮಾತ್ರ, "ಬೆಳಿಗ್ಗೆ ಒಂದು ಲೋಟ ಕಾಫಿ ಸಿಗೋ ಕಡೆ ಇದ್ದರೆ ಸಾಕು ಕಣಮ್ಮ" ಎಂದರು. ಆ ಮಾತೇ ಗೆದ್ದಿತು.

ಲಿಟಲ್ ಇಂಡಿಯಾದಲ್ಲಿ, ಸೆರಂಗೂನ್ ರಸ್ತೆಯ ಬಳಿ ರೂಮು ಹಿಡಿದೆವು. 1947ರಲ್ಲಿ ಶುರುವಾದ ಕೋಮಳ ವಿಲಾಸ್‌ನ ದೋಸೆ, ಟೆಕ್ಕಾ ಮಾರುಕಟ್ಟೆಯ ಹಣ್ಣು, ವೀರಮಾಕಾಳಿಯಮ್ಮನ ಗುಡಿ, ಎಲ್ಲವೂ ಹತ್ತಿರ. ನೆಲದಡಿಯ ರೈಲೂ ಅಲ್ಲೇ. ಒಂದು ರೈಲು ಹತ್ತಿದರೆ ಬೇಫ್ರಂಟ್, ಅಂದರೆ ನಮ್ಮವರ ಮರೀನಾ ಬೇ. ಇನ್ನೊಂದು ಹತ್ತಿದರೆ ಹಾರ್ಬರ್‌ಫ್ರಂಟ್, ಅಲ್ಲಿಂದ ಮಕ್ಕಳ ಸೆಂಟೋಸಾ. ಎರಡಕ್ಕೂ ನಡುವೆ ರೈಲು ಬದಲಿಸಬೇಕಿಲ್ಲ. ನಿಲ್ದಾಣದಲ್ಲಿ ಲಿಫ್ಟ್ ಇದ್ದುದರಿಂದ ಅತ್ತೆಯವರ ಮಂಡಿಗೂ ಸುಖ.

ನಾನು ಎಡವಿದ್ದು ಒಂದರಲ್ಲಿ. ಅಗ್ಗವಾಯಿತೆಂದು ಹಿಗ್ಗಿ ಹಿಡಿದ ಕೋಣೆಗೆ ಕಿಟಕಿಯೇ ಇರಲಿಲ್ಲ! ಅಲ್ಲಿನ ಅಗ್ಗದ ಹೋಟೆಲುಗಳಲ್ಲಿ ಇದು ಅಪರೂಪವಲ್ಲ. ಐದಕ್ಕೇ ಏಳುವ ಅತ್ತೆ, ಮಕ್ಕಳ ನಿದ್ದೆ ಕೆಡಬಾರದೆಂದು ಕತ್ತಲಲ್ಲೇ ಕೂತು, "ಬೆಳಗಾಯ್ತೇನಮ್ಮ?" ಎಂದು ಮೂರು ಸಲ ಮೆಲ್ಲಗೆ ಕೇಳಿದರು. ನನಗೆ ಕರುಳು ಚುರ್ರೆಂದಿತು. ಅಂದೇ ಹೆಚ್ಚು ಹಣ ಕೊಟ್ಟು ಕೋಣೆ ಬದಲಿಸಿದೆವು.

ನೀವು ಹೊರಟರೆ ಮೊದಲೇ ಕೇಳಿಕೊಳ್ಳಿ: ಕಿಟಕಿ ಇದೆಯೇ? ಲಿಫ್ಟ್ ಇದೆಯೇ? ಒಂದು ಕೋಣೆಯಲ್ಲಿ ಎಷ್ಟು ಜನರನ್ನು ಬಿಡುತ್ತಾರೆ? ಬೆಳಿಗ್ಗೆಯೇ ಹೋಗಿ ಇಳಿದರೆ ಸಾಮಾನು ಇಟ್ಟುಕೊಳ್ಳುತ್ತಾರೆಯೇ? ಕೋಣೆ ಕೈಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ.

ಮಾರನೆಯ ದಿನ ಏಳು ಗಂಟೆಗೆ ಬೆಳಕು ಹರಿಯಿತು. ಅತ್ತೆಯವರು ಕಿಟಕಿಗೆ ಕೈಮುಗಿದು, "ಈಗ ಕಾಫಿಗೆ ಹೋಗೋಣ" ಎಂದರು.